ರೈಟರ ಹಳೆಯ ನಂಬರು

ನನ್ನ ಕೆಲಸದ ಡೈರಿಯಲ್ಲಿ ಜೂನ್ ಕೊನೆಯ ಬುಧವಾರದ ಪುಟದಲ್ಲಿ ಹೀಗಿದೆ: ಮುಗಿದ ಅರ್ಜಿ ಹನ್ನೊಂದು, ಬಾಕಿ ಒಂದು. ಆ ಒಂದರ ಬಗ್ಗೆ ಅಂದು ಹೆಚ್ಚೇನೂ ಬರೆದಿಲ್ಲ. ಈಗ ಬರೆಯುತ್ತಿದ್ದೇನೆ.

ಬೆಳಗೋಡಿನ ಹತ್ತಿರದ ಪಂಚಾಯಿತಿ ಸೇವಾ ಕೇಂದ್ರದಲ್ಲಿ ನಾನು ಅರ್ಜಿ ಹಾಕಿಕೊಡುವವಳು. ಅಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಒಬ್ಬ ತಾಯಿ ಬಂದಿದ್ದರು. ಹತ್ತನೇ ಕ್ಲಾಸ್ ಪಾಸಾದ ದೊಡ್ಡ ಮಗಳಿಗೆ ಹಾಸನದ ಕಾಲೇಜಿನಲ್ಲಿ ಸೈನ್ಸ್ ಸಿಕ್ಕಿತ್ತು. ಹಾಸ್ಟೆಲ್ ಸೀಟಿಗೆ ಜಾತಿ-ಆದಾಯ ಪ್ರಮಾಣಪತ್ರ ಶನಿವಾರದೊಳಗೆ ಬೇಕು. ಅರ್ಜಿ ತುಂಬಿದೆ, ಒಟಿಪಿ ಹೋಯಿತು. ಆಕೆಯ ಫೋನಿಗೆ ಮಾತ್ರ ಬರಲಿಲ್ಲ.

“ಮಗಳ ಆಧಾರಿಗೆ ಯಾರ ನಂಬರ್ ಕೊಟ್ಟಿದ್ರಿ ಅಕ್ಕ?”

“ರೈಟ್ರುದು ಕಣವ್ವ. ಆಗ ಇಡೀ ಲೈನಿಗೆ ಇದ್ದದ್ದೇ ಅವರ ಫೋನು.”

ಎಸ್ಟೇಟಿನ ಹಾಜರಿ ಬರೆಯುತ್ತಿದ್ದ ಆ ರೈಟರು ಕೆಲಸದ ಜೊತೆಗೆ ನಂಬರನ್ನೂ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಆ ನಂಬರಿಗೆ ಕರೆ ಮಾಡಿದೆ. ಯಾರೋ ಅಪರಿಚಿತರು ಎತ್ತಿದರು.

“ನಿಮ್ ಎಸ್ಟೇಟ್‌ನೋರೆಲ್ಲ ನನ್ನ ಫೋನ್‌ನಲ್ಲೇ ಸಂಸಾರ ಮಾಡ್ತಿದೀರಲ್ಲ ಮಾರಾಯ್ರೆ! ಮೊನ್ನೆ ರೇಷನ್ನು, ಇವತ್ತೇನು?”

ಹಾಸ್ಟೆಲ್ ವಿಷಯ ಹೇಳಿದೆ. ಒಟಿಪಿ ಯಾರಿಗೂ ಹೇಳಬಾರದು ಅಂತ ಗೌರ್ಮೆಂಟೇ ಹೇಳುತ್ತದಲ್ಲ ಎಂದರು. ನಾನೂ ಸ್ವಸಹಾಯ ಸಂಘದ ಹೆಂಗಸರಿಗೆ ಅದನ್ನೇ ಹೇಳಿಕೊಟ್ಟವಳು. ತಾಯಿ ಫೋನು ಕಸಿದುಕೊಂಡರು.

“ಅಣ್ಣಾ, ನಿಂಗೂ ಮಕ್ಳವ್ರಾ?”

“ಅವ್ರೆ ತಾಯಿ. ಅದಕ್ಕೇ ಹೆದರಿಕೆ.” ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟರು.

ಆನ್‌ಲೈನ್ ಆಗದಿದ್ದರೆ ನೇರವಾಗಿ ಹೋಗಬಹುದು ಎಂದು ನಮ್ಮ ಬೋರ್ಡಿನಲ್ಲಿದೆ. ನಾಡಕಚೇರಿಗೆ ಕರೆದುಕೊಂಡು ಹೋದೆ. ಕೌಂಟರಿನ ಆಚೆಯೂ ಅದೇ ಕಂಪ್ಯೂಟರು, ಅದಕ್ಕೂ ಅದೇ ಒಟಿಪಿ. ಸಕಲೇಶಪುರದ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಂಡು ಬನ್ನಿ ಎಂದರು. ಮರುದಿನವೇ ಹೋದರು. ಹೊಸ ನಂಬರು ಚಾಲ್ತಿಗೆ ಬರುವಷ್ಟರಲ್ಲಿ ಶನಿವಾರ ಕಳೆದಿತ್ತು.

ಯಾರೂ ತಪ್ಪು ಮಾಡಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುವುದು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಹಾಸ್ಟೆಲ್ ಇಲ್ಲದೆ ಹಾಸನ ಆಗಲಿಲ್ಲ. ಬಸ್ಸಿನಲ್ಲಿ ಹೋಗಿಬರಬಹುದಾದ ಕಾಲೇಜಿನಲ್ಲಿ ಸೈನ್ಸ್ ಇಲ್ಲ. ಹುಡುಗಿ ಆರ್ಟ್ಸ್ ತೆಗೆದುಕೊಂಡಳು.

ಕೊನೆಗೆ ಪ್ರಮಾಣಪತ್ರ ಬಂದಾಗ ತಾಯಿ ಅದನ್ನು ಲ್ಯಾಮಿನೇಷನ್ ಮಾಡಿಸಲು ಬಂದರು.

“ಇದು ಎಷ್ಟು ವರ್ಷ ನಡೀತೈತೆ?”

“ಐದು ವರ್ಷ ಅಕ್ಕ.”

“ಹಂಗಾರೆ ಚಿಕ್ಕೋಳಿಗೂ ಆಯ್ತು ಬುಡು.”

ಇದು ದೊಡ್ಡವಳ ಹೆಸರಿನದು, ಚಿಕ್ಕವಳಿಗೆ ಬೇರೆಯೇ ಅರ್ಜಿ ಹಾಕಬೇಕು ಎಂದೆ. ಅವಳಿನ್ನೂ ಏಳನೇ ಕ್ಲಾಸು. ಅವಳ ಆಧಾರಿನಲ್ಲಿದ್ದ ಫೋನ್ ನಂಬರನ್ನೂ ತಾಯಿ ಬದಲಿಸಿಕೊಂಡೇ ಬಂದಿದ್ದರು.

“ಈಗ್ಲೇ ಹಾಕ್ಬುಡವ್ವ,” ಎಂದು ತಮ್ಮ ಫೋನನ್ನು ನನ್ನ ಮೇಜಿನ ಮೇಲಿಟ್ಟರು.