ನಾಗಪ್ಪನ ಪಾಲಿನ ಅಣಬೆ

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಶ್ರಾವಣದ ಗದ್ದಲದಲ್ಲಿ ಅಷ್ಟು ಸಿಕ್ಕಿದ್ದೂ ದೇವರ ದಯೆ. ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೇಟು ಪಡೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ತೊಡೆಯ ಮೇಲೆ ಖಾಲಿ ಬಿದಿರು ಬುಟ್ಟಿ ಇತ್ತು. ಪಕ್ಕದ ಹೆಂಗಸು ಅದನ್ನು ನೋಡಿ, "ಸಂತಿಗೆ ಹೊಂಟೀರೇನ್ರಿ?" ಎಂದಳು.

"ಸಂತಿಗಲ್ರಿ, ಕೂಡ್ಲಿಗಿ ಕಡಿ ತವರಿಗೆ. ಅಣಬಿ ತರಾಕ."

"ಅಯ್ಯ, ಅಣಬಿ ತರಾಕ ಕೂಡ್ಲಿಗಿತನಕ ಹೊಂಟೀರಾ? ನಮ್ಮ ಅಂಗಡ್ಯಾಗ ಡಬ್ಬಿ ಡಬ್ಬಿ ಇಟ್ಟಾರಲ್ರಿ!"

ಡಬ್ಬಿಯವನ್ನು ಮನೆಯಲ್ಲಿ ಮಾಡಿ ನೋಡಿಯಾಗಿತ್ತು. ಮಗಳು ಲತಾ ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಾಳೆ. ಹಿಂದೊಂದು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳು ತಿಂಗಳು ತುಂಬಿವೆ, ಅದೇ ದೊಡ್ಡದು. ಆದರೆ ಉಂಡದ್ದು ಅವಳಿಗೆ ದಕ್ಕುವುದಿಲ್ಲ. ಬಾಯಿ ಬಿಟ್ಟು ಬಯಸಿದ್ದು ಒಂದೇ, ಅವಳ ಅಜ್ಜಿ, ಅಂದರೆ ನಮ್ಮವ್ವ ಮಾಡುತ್ತಿದ್ದ ಹುತ್ತದ ಅಣಬೆಯ ಸಾರು. ಡಬ್ಬಿಯ ಅಣಬೆ ಹಾಕಿ ಮಾಡಿಕೊಟ್ಟರೆ ಒಂದು ಗುಟುಕು ಕುಡಿದು, "ಇದಕ್ಕ ಮಣ್ಣಿನ ವಾಸನೀನ ಇಲ್ಲವ್ವ" ಎಂದು ಬಟ್ಟಲು ಸರಿಸಿದಳು. ಅಷ್ಟರಲ್ಲಿ ತವರಿನ ಕಡೆ ಗುಡುಗಿ ಮಳೆ ಬಂದಿದೆ, ಬಾ ಎಂದು ಅತ್ತಿಗೆಯ ಫೋನು ಬಂತು. ಗುಡುಗಿದ ಮೇಲೆ ಅಣಬೆ ಏಳುತ್ತವೆ, ತಡ ಮಾಡಿದರೆ ಇರುವುದಿಲ್ಲ. ಲತಾಳನ್ನು ಅವಳಪ್ಪನ ಸುಪರ್ದಿಗೆ ಬಿಟ್ಟು ಸಂಜೆಗೆ ಬರುತ್ತೇನೆಂದು ಹೊರಟೆ.

ಹಾದಿಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಊರ ಸ್ವಾಮಿಯ ಗುಡಿಗೆ ಹೋಗಲಿಲ್ಲ. ನಿಂತಲ್ಲಿಂದಲೇ ಕೈ ಮುಗಿದು, "ಅಣಬೆ ಕಾಯುವುದಿಲ್ಲ ಸ್ವಾಮಿ, ನೀನಾದರೆ ಕಾಯುತ್ತೀ" ಎಂದು ಹೇಳಿಕೊಂಡೆ. ಕೂಡ್ಲಿಗಿಯಲ್ಲಿ ಇಳಿದು ಒಂದು ಚಹಾ ಕುಡಿದು, ಆಟೋದಲ್ಲಿ ಎಂಟು ಮಂದಿಯ ನಡುವೆ ಒಂಬತ್ತನೆಯವಳಾಗಿ ಕುಳಿತು ಗುಡ್ಡದ ಸೆರಗಿನ ನಮ್ಮೂರು ಮುಟ್ಟಿದಾಗ ಬಿಸಿಲು ಏರಿತ್ತು.

ಅತ್ತಿಗೆ ಹೊನ್ನಮ್ಮ ಬಾಗಿಲಲ್ಲೇ ನಿಂತಿದ್ದಳು. ಅಣ್ಣ ಹೊಲಕ್ಕೆ ಹೋಗಿದ್ದ. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿ ಉಣ್ಣಿಸಿದಳು. "ಲೇ ಸುಮ್ಮಿ, ಬುಟ್ಟಿ ಭಾಳ ದೊಡ್ಡದು ತಂದೀಯಲ್ಲ" ಎಂದಳು. ಹಾಗೆಂದಾಗ ಅವಳು ನನ್ನ ಮುಖ ನೋಡಲಿಲ್ಲ.

ನಮ್ಮ ಮನೆಯ ಹಿಂದೆಯೇ, ಹೊಲದ ಅಂಚಿಗೆ ಅಣಬೆ ಏಳುವ ಆ ಹುತ್ತ. ಸಣ್ಣವಳಿದ್ದಾಗ ಅವ್ವನ ಕೂಡ ಅಲ್ಲಿಗೆ ಹೋಗುತ್ತಿದ್ದೆ. ಕುಡುಗೋಲು ಒಯ್ಯುವಂತಿಲ್ಲ, ಹುತ್ತಕ್ಕೆ ಕಬ್ಬಿಣ ಮುಟ್ಟಿಸಬಾರದು. ಬೆರಳಿನಿಂದ ಮಣ್ಣು ಬಿಡಿಸಿ, ಬೇರಿನುದ್ದಕ್ಕೂ ಕೈಯಿಳಿಸಿ ಮೆಲ್ಲಗೆ ಎಳೆಯಬೇಕು. ಕಣ್ಣಿಗೆ ಮೊದಲು ಬಿದ್ದದ್ದನ್ನು ಕೀಳಬಾರದು, ಅದು ನಾಗಪ್ಪನ ಪಾಲು. ಉಳಿದವು ನಮ್ಮವು. ಸೆರಗು ತುಂಬಿ ಚೆಲ್ಲುವಷ್ಟು ಸಿಗುತ್ತಿದ್ದುದರಿಂದ ಒಂದನ್ನು ಬಿಡುವುದು ಯಾರಿಗೂ ಭಾರವೆನಿಸುತ್ತಿರಲಿಲ್ಲ.

ಈಗ ಅಲ್ಲಿ ಗುಡಿ ಇತ್ತು. ಸುತ್ತ ಸಿಮೆಂಟಿನ ನೆಲ, ಹಸಿರು ಬಣ್ಣದ ಕಬ್ಬಿಣದ ಬಾಗಿಲು, ಮೇಲೆ ತಗಡು. ನಡುವೆ ಹುತ್ತದ ತಲೆಯಷ್ಟೇ ಕಾಣುತ್ತಿತ್ತು, ಅರಿಶಿನ ಕುಂಕುಮ ಮೆತ್ತಿಕೊಂಡು. ಪಂಚಮಿಯ ಹಾಲಿನ ಕಲೆ ಇನ್ನೂ ಹೋಗಿರಲಿಲ್ಲ. ಅಣಬೆ ಮಾತ್ರ ಒಂದೂ ಇಲ್ಲ.

"ಮೊಮ್ಮಗಳ ಕಿವಿ ಸೋರ್ತಿತ್ತಲ್ಲ, ಕೀವು. ನಾಗಪ್ಪಗ ಹರಕಿ ಹೊತ್ತೆ, ಗುಣ ಆತು. ಪಾಪ, ಬಿಸಲಾಗ ಕುಂತಾನ, ನೆಳ್ಳು ಮಾಡೋಣು ಅಂತ ಕಟ್ಟಿಸಿದ್ವಿ" ಎಂದಳು ಹೊನ್ನಮ್ಮ. "ಮೊದಲು ಬೇವಿನ ಬಾಗಲಾನ ಹಚ್ಚಿದ್ವಿ. ಅವನ ಹುತ್ತದ ಗೆದ್ದಲ, ಅವನ ಬಾಗಲಾನ ತಿಂದ್ವು ನೋಡು! ಆಮೇಲೆ ಕಬ್ಬಿಣದ್ದು ಹಚ್ಚಿಸಿ ನೆಲಾನೂ ಗಟ್ಟಿ ಮಾಡಿಸಿದ್ವಿ. ಆವಾಗಿಂದ ಅಣಬಿ ಎದ್ದಿಲ್ಲವ್ವ. ನೆಳ್ಳು ಮಾಡಾಕ ಹೋಗಿ ಅವನ ಅಡಿಗಿಮನಿ ಮುಚ್ಚಿದ್ವೇನೋ."

"ಮತ್ತ ಫೋನಿನ್ಯಾಗ ಬಾ ಅಂದಿ?"

"ಗುಡ್ಡದಾಗರ ಸಿಗ್ತಾವ ಅಂದ್ಕೊಂಡು ಬಾ ಅಂದೆ. ನಿನ್ನ ಮಗಳಿಗೆ ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ನನಗೂ ಬೈಯಲು ಬಾಯಿ ಬರಲಿಲ್ಲ. ಮಗುವಿನ ಕಿವಿ ನೆಟ್ಟಗಾಯಿತಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಕಟ್ಟಿಸುತ್ತಿದ್ದೆ.

ಗುಡ್ಡ ಹತ್ತಿದೆವು. ಕಲ್ಲು, ಜಾಲಿ, ಸೀತಾಫಲದ ಪೊದೆ, ಮಳೆಯ ಮೇಲಿನ ಸೆಕೆ. ಮೊದಲ ಹುತ್ತವನ್ನು ಕರಡಿ ಬಗೆದು ಹಾಕಿತ್ತು. ಉಗುರಿನ ಗೆರೆಗಳು ಹಸಿಯಾಗಿದ್ದವು. ಎರಡನೆಯದರ ಸುತ್ತ ಮನುಷ್ಯರ ಹೆಜ್ಜೆ, ಕಿತ್ತ ಕುಳಿ. ಬಂಡೆಯ ಮೇಲೆ ಕೋಲೂರಿ ಕುಳಿತಿದ್ದ ಕುರಿ ಕಾಯುವ ಅಜ್ಜ ನಕ್ಕ.

"ಕರಡಿ ಬಿಟ್ಟದ್ದು ಮಂದಿಗೆ, ಮಂದಿ ಬಿಟ್ಟದ್ದು ನಿಮಗ. ತಡಾ ಮಾಡಿದ್ರಿ ಬೇ. ಬೆಳಕ ಹರಿಯೂದ್ರಾಗ ಮೋಟಾರ್ ಸೈಕಲ್ ಮ್ಯಾಲೆ ಬಂದು ಬಾಚಿಕೊಂಡು ಹೋದ್ರು, ರೋಡಿಗೆ ಇಟ್ಟು ಮಾರಾಕ."

"ಬಸರಿ ಹೆಣ್ಮಗಳಿಗೆ ಬೇಕಿತ್ತಪ್ಪ. ನೀನಾದ್ರೂ ಒಂದೆರಡು ತಗದಿಡಬಾರದಾ?" ಎಂದಳು ಹೊನ್ನಮ್ಮ.

"ನಾ ಕುರಿ ಕಾಯಾಂವ ಬೇ, ಅಣಬಿ ಕಾಯಾಂವಲ್ಲ. ಮೊದಲ ಗೊತ್ತಿದ್ರ ಕಾಯ್ತಿದ್ದೆ" ಎಂದ. ಕೊನೆಯ ಮಾತು ಹೇಳುವಾಗ ಅವನು ನಗುತ್ತಿರಲಿಲ್ಲ.

ಇಳಿಯುವಾಗ ಪೊದೆಯೊಂದರ ಬುಡದಲ್ಲಿ ಬೆಳ್ಳಗೆ ನಾಲ್ಕಾರು ಕಂಡವು. ನನ್ನ ಕೈ ಮುಂದಾಯಿತು. ಹೊನ್ನಮ್ಮ ಒಂದನ್ನು ಎತ್ತಿದಳು. ಬೇರೇ ಇಲ್ಲದೆ ಸರಕ್ಕನೆ ಬಂತು. "ಹುತ್ತದ್ದಾದ್ರ ಗೇಣುದ್ದ ಬೇರು ಇರ್ತಿತ್ತು. ಇವು ಬ್ಯಾಡ" ಎಂದು ಕಾಲಿನಿಂದ ಹೊಸಕಿ ಹಾಕಿದಳು.

ಹೊತ್ತು ವಾಲಿತ್ತು. ಹೋಗುವ ಮುಂಚೆ ನಾಗಪ್ಪನಿಗೆ ಅಡ್ಡಬೀಳೋಣವೆಂದು ಗುಡಿಯ ಬಾಗಿಲು ತೆಗೆಸಿದೆ. ನೆಲಕ್ಕೆ ಹಣೆ ಹಚ್ಚಿದಾಗಲೇ ಅದು ಕಂಡದ್ದು. ಹುತ್ತದ ಹಿಂಬದಿ, ಸಿಮೆಂಟು ಬಿರುಕು ಬಿಟ್ಟ ಕಡೆ, ಒಂದೇ ಒಂದು ಮೊಗ್ಗು. ನನ್ನ ಹೆಬ್ಬೆರಳಿಗಿಂತ ದಪ್ಪ, ತುದಿಗೆ ಕಂದು ಬಣ್ಣದ ಮೊನೆ, ಮೈಮೇಲೆ ಇನ್ನೂ ಮಣ್ಣು. ಅವ್ವನ ಕಾಲದ ಅದೇ ಅಣಬೆ.

ಇಬ್ಬರೂ ಮಂಡಿಯೂರಿ ಅದನ್ನೇ ನೋಡಿದೆವು.

"ಕೀಳು" ಎಂದಳು ಹೊನ್ನಮ್ಮ.

"ಮೊದಲನೇದು ಅವಂದಲ್ಲೇನ ಅತ್ತಿಗಿ."

"ಇದ್ದದ್ದ ಒಂದು. ಮೊದಲನೇದು ಯಾವುದು, ಕಡೀದು ಯಾವುದು? ಬಸರಿ ಬಯಸ್ಯಾಳ ಅಂದ್ರ ನಾಗಪ್ಪ ಒಲ್ಲೆ ಅಂತಾನೇನು? ಕಿವಿ ಕೊಟ್ಟಾಂವ ಅಣಬಿ ಕೊಡಂಗಿಲ್ಲೇನು?"

ಕೈ ಚಾಚಿದೆ. ಬೆರಳಿಗೆ ತಣ್ಣಗಿನ ಮಣ್ಣು ತಗುಲಿತು. ಆಗ ಲತಾಳ ಹಿಂದಿನ ಬಸಿರು ನೆನಪಾಯಿತು. ಆಸ್ಪತ್ರೆಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳಲ್ಲ, ಆ ದಿನಗಳು. ನಾಗಪ್ಪನ ಪಾಲನ್ನು ಉಣ್ಣಿಸಿ ನಾಳೆ ಹೆಚ್ಚುಕಮ್ಮಿಯಾದರೆ? ಬೇರೆ ಯಾರಿಗಾದರೂ ಆಗಿದ್ದರೆ ಕಿತ್ತುಬಿಡುತ್ತಿದ್ದೆನೋ ಏನೋ. ಅವಳಿಗೆಂದೇ ಬಂದವಳು, ಅವಳಿಗೆಂದೇ ಕೈ ಹಿಂದೆ ತೆಗೆದೆ.

"ಹುಚ್ಚಿ" ಎಂದಳು ಅತ್ತಿಗೆ. ಆಮೇಲೆ ಹುತ್ತದ ಹಸಿಮಣ್ಣು ಒಂದು ಹಿಡಿ ತೆಗೆದು ಮುತ್ತುಗದೆಲೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟಳು. "ಹೊಟ್ಟಿಗೆ ಹಚ್ಚು, ಚಲೋ ಅಕ್ಕೈತಿ." ಮೇಲೆ ನಾಲ್ಕು ರೊಟ್ಟಿ.

ಕೊಟ್ಟೂರಿನಲ್ಲಿ ಈ ಸಲ ದರ್ಶನ ಮಾಡಿದೆ. ಬುಟ್ಟಿಯಲ್ಲಿ ಬಾಡುವಂಥದ್ದು ಏನೂ ಇರಲಿಲ್ಲವಲ್ಲ. ಮುಂದಿನ ಬಸ್ಸಿನಲ್ಲೂ ಸೀಟು ಸಿಕ್ಕಿತು, ಮಳೆ ಹಿಡಿಯಲಿಲ್ಲ. ಇವನ್ನೆಲ್ಲ ಎಣಿಸಿಕೊಳ್ಳುತ್ತ ಕುಳಿತೆ. ಎಷ್ಟು ಎಣಿಸಿದರೂ ಆ ಮೊಗ್ಗೇ ಕಣ್ಣ ಮುಂದೆ ಬರುತ್ತಿತ್ತು.

ಲತಾ ಕಟ್ಟೆಯ ಮೇಲೆ ಕುಳಿತು ದಾರಿ ನೋಡುತ್ತಿದ್ದಳು. ಬುಟ್ಟಿಯೊಳಗೆ ಇಣುಕಿದಳು. ನಾನೇ ಎಲ್ಲ ಹೇಳಿದೆ.

"ಒಂದ ಇದ್ರ ಒಂದ ತರಬೇಕಿತ್ತವ್ವ" ಎಂದಳು.

ಎಲೆ ಬಿಚ್ಚಿ ಮಣ್ಣನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ಅತ್ತಿಗೆಯ ರೊಟ್ಟಿಯಲ್ಲಿ ಅರ್ಧ ತಿಂದಳು. ಆ ಅರ್ಧ ದಕ್ಕಿತು. ಅದಕ್ಕೂ ಕೈ ಮುಗಿದೆ.

ಮರುದಿನ ಊಟದ ಹೊತ್ತಿಗೆ ಹೊನ್ನಮ್ಮನ ಫೋನು ಬಂತು. "ಬೆಳಿಗ್ಗೆ ಅರಳಿತ್ತು ಸುಮ್ಮಿ, ತಾಟಿನಷ್ಟು ಅಗಲ. ಈಗ ಹೋಗಿ ನೋಡಿದ್ರ ಇರಬಿ ಮುತ್ಯಾವ, ಕರಗಾಕ ಹತ್ತೈತಿ."

ನಾಗಪ್ಪ ಮುಟ್ಟಿದ್ದನೋ ಇಲ್ಲವೋ ನಾನು ಕೇಳಲಿಲ್ಲ. ಒಬ್ಬಳ ಸಾರಿಗೆ ಅಷ್ಟು ಸಾಕಾಗುತ್ತಿತ್ತು.