ಮೂರನೆಯ ಕೂಗು

ಇವತ್ತು ಪಕ್ಕದ ಮನೆಯವರು ಸೊಳ್ಳೆ ಕಾಟಕ್ಕೆಂದು ಹಿತ್ತಲಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿದರು. ಅದು ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂದದ್ದೇ ತಡ, ಒಲೆಯ ಮೇಲಿದ್ದ ಹಾಲನ್ನು ಮರೆತು ನಿಂತುಬಿಟ್ಟೆ. ಹಾಲು ಉಕ್ಕಿತು. ಹಾಲು ಉಕ್ಕಿಸುವುದಕ್ಕೆ ಈ ವಯಸ್ಸಿನಲ್ಲಿ ನನಗೆ ನೆಪವೇನೂ ಬೇಕಿಲ್ಲ. ಆದರೆ ಬೇವಿನ ಹೊಗೆಯ ವಾಸನೆ ಬಂದರೆ ನನಗೆ ನನ್ನ ಸಂದರ್ಶನ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ದೊಡ್ಡಬೆಳವಂಗಲದ ಕಡೆಯ ನಮ್ಮೂರಿನಲ್ಲಿ ಇಲಿ ಬಿದ್ದವು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿತು. ನಾನು ಮತ್ತು ಚಿಕ್ಕಮ್ಮ ಸೋದರಮಾವನ ಗುಡಿಸಲಿನಲ್ಲಿದ್ದೆವು. ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ತಬ್ಬಲಿಯಾದ ನನ್ನನ್ನು ಸಾಕಿದವಳು. ಮಾವ ನನಗೆ ಸೂಲಿಬೆಲೆಯಲ್ಲಿ ಎರಡನೆಯ ಸಂಬಂಧವೊಂದನ್ನು ನೋಡಿಟ್ಟಿದ್ದ. ವರನ ಮೀಸೆ ಆಗಲೇ ನರೆತಿತ್ತು. ಅಷ್ಟರಲ್ಲಿ ಪೇಟೆಯ ಆಸ್ಪತ್ರೆಯಲ್ಲಿ ಓದುಬರಹ ಬಲ್ಲ ಹೆಣ್ಣುಮಕ್ಕಳನ್ನು ನರ್ಸ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂತು. ಚಿಕ್ಕಮ್ಮ ಅತ್ತು ಕರೆದು ಮಾವನನ್ನು ಒಪ್ಪಿಸಿದಳು. ಕೆಲಸ ಸಿಕ್ಕಿದರೆ ಸರಿ, ಸಿಕ್ಕದಿದ್ದರೆ ಬರುವ ಮುಹೂರ್ತಕ್ಕೇ ಮದುವೆ ಎಂದ ಮಾವ.

ಗುಡಿಸಲಿನಲ್ಲಿ ಸಂದರ್ಶನದ ತಯಾರಿ ನಡೆಸುವಂತಿರಲಿಲ್ಲ. ಬಾಯಿಪಾಠ ಹೇಳಿಕೊಂಡರೆ ತಡಿಕೆಯ ಆಚೆಯಿಂದ ಮಾವ ನಗುತ್ತಿದ್ದ. ಹಾಗಾಗಿ ಮಧ್ಯಾಹ್ನ ಅವನು ಮಲಗಿದ ಮೇಲೆ ನಾವಿಬ್ಬರೂ ಬಿಟ್ಟ ಊರಿನೊಳಗಿನ ನಮ್ಮ ಮನೆಗೆ ಹೋಗುತ್ತಿದ್ದೆವು. ಇದು ಶುದ್ಧ ಹುಚ್ಚುತನ. ಮನೆಗೆ ಗಂಧಕದ ಹೊಗೆ, ಬೇವಿನ ಹೊಗೆ ಎರಡೂ ಆಗಿದೆ, ಇನ್ನೇನು ಭಯ ಎನ್ನುವುದು ಚಿಕ್ಕಮ್ಮನ ಧೈರ್ಯ. ಬಿಸಿಲಲ್ಲಿ ಆ ಬೀದಿಯನ್ನು ನೀವು ನೋಡಬೇಕಿತ್ತು. ಕೋಳಿ ಇಲ್ಲ, ನಾಯಿ ಇಲ್ಲ, ಎಲ್ಲ ಬಾಗಿಲಿಗೂ ಬೀಗ. ನಮ್ಮ ಹೆಜ್ಜೆಯ ಸದ್ದು ನಮಗೇ ಬೇಡವಾಗುತ್ತಿತ್ತು.

ಸಂದರ್ಶನ ಮಾಡಲಿದ್ದ ಲೇಡಿ ಡಾಕ್ಟರನ್ನು ಚಿಕ್ಕಮ್ಮ ಕಂಡವಳೇ ಅಲ್ಲ. ಆದರೂ ಮಾವನ ಹಳೆಯ ಕೋಟು ಹಾಕಿಕೊಂಡು, ಒಳಕೋಣೆಯ ರಾಗಿ ಕಲ್ಲಿನ ಮೇಲೆ ಗತ್ತಿನಿಂದ ಕೂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ನಾನು ಪಡಸಾಲೆಯಿಂದ ಎದ್ದು ಹೋಗಿ ಕೈಮುಗಿದು ನಿಲ್ಲಬೇಕು. ಆದರೆ ಒಂದು ಕೂಗಿಗೆ ಏಳುವ ಹಾಗಿಲ್ಲ. ಪ್ಲೇಗಿನ ಕಾಲದಲ್ಲಿ ಮಾರಿ ನಮ್ಮವರದೇ ದನಿಯಲ್ಲಿ ಹೆಸರು ಕೂಗುತ್ತಾಳೆ, ಓಗೊಟ್ಟವರನ್ನು ಕರೆದುಕೊಂಡು ಹೋಗುತ್ತಾಳೆ, ಅವಳಿಗೆ ಮೂರು ಸಲ ಕೂಗಲು ಬರುವುದಿಲ್ಲ ಎಂಬುದು ನಮ್ಮೂರಿನ ನಂಬಿಕೆ. ಹಾಗಾಗಿ ಚಿಕ್ಕಮ್ಮ ಮೂರು ಸಲ ಕೂಗುವಳು, ಮೂರನೆಯದಕ್ಕೆ ನಾನು ಏಳುವೆ. ಉತ್ತರಗಳ ಜೊತೆಗೆ ಇದೂ ನನ್ನ ಮೈಗೆ ಹತ್ತಿಬಿಟ್ಟಿತು.

ಸಂದರ್ಶನದ ಹಿಂದಿನ ದಿನ ಪಡಸಾಲೆಯಲ್ಲಿ ಕೂತಿದ್ದೆ. ಒಳಗಿಂದ ಚಿಕ್ಕಮ್ಮ ಕೂಗಿದಳು. ಎರಡನೆಯ ಕೂಗಿಗೆ ಕಾದೆ. ಬರಲಿಲ್ಲ. ಮರೆತಳೋ ಏನೋ ಎಂದು ಇನ್ನೂ ಕಾದೆ. ಆಗ ಬೀದಿ ಬಾಗಿಲಿನಿಂದ ಚಿಕ್ಕಮ್ಮ ಒಳಗೆ ಬಂದಳು, ಸೆರಗಿನ ತುಂಬ ಹುಣಸೆಕಾಯಿ.

ನಾನು ಒಳಕೋಣೆಯ ಕಡೆ ಕೈತೋರಿಸಿದೆ. ಅವಳ ಮುಖ ಬಿಳಿಚಿತು.

"ಓಗೊಟ್ಯೇನೇ?"

"ಇಲ್ಲ ಚಿಕ್ಕಮ್ಮ."

ಇಬ್ಬರೂ ಕೈಹಿಡಿದುಕೊಂಡು ಹೋಗಿ ನೋಡಿದೆವು. ರಾಗಿ ಕಲ್ಲಿನ ಮೇಲೆ ಮಾವನ ಕೋಟು ಮಡಿಸಿಟ್ಟ ಹಾಗೇ ಇತ್ತು. ಬೇರೆ ಯಾರೂ ಇರಲಿಲ್ಲ. ಹುಣಸೆಕಾಯಿ ಅಲ್ಲೇ ಚೆಲ್ಲಿ ಓಡಿಬಂದೆವು.

ಮಾರನೆಯ ದಿನ ಆಸ್ಪತ್ರೆಯ ಜಗುಲಿಯ ಬೆಂಚಿನ ಮೇಲೆ ನಾನು, ಆಚೆ ಮರದ ಕೆಳಗೆ ಚಿಕ್ಕಮ್ಮ. ಜವಾನ ನನ್ನ ಹೆಸರು ಕೂಗಿದ. ನಾನು ಏಳಲಿಲ್ಲ. ಮತ್ತೆ ಕೂಗಿದ. ಏಳಲಿಲ್ಲ. ಮೂರನೆಯ ಸಲ ಗದರಿದ ಮೇಲೆ ಎದ್ದೆ. ಲೇಡಿ ಡಾಕ್ಟರು ತೆಳ್ಳಗಿನ ಹೆಂಗಸು, ಕೋಟು ಇರಲಿಲ್ಲ. ಕಿವಿ ಕೇಳಿಸುವುದಿಲ್ಲವೇ ಎಂದರು. ಬಾಯಿಪಾಠವೆಲ್ಲ ಹಾರಿಹೋಗಿ, ಮಾರಿಯ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು ನಗಲಿಲ್ಲ.

"ನೋಡಮ್ಮ, ಇಲ್ಲಿ ಮಲಗಿರೋರು ಒಂದೇ ಸಲ ಕೂಗೋದು. ಎರಡನೇ ಸಲಕ್ಕೆ ಅವರಲ್ಲಿ ಶಕ್ತಿ ಇರಲ್ಲ. ಹೊರಗೆ ಕೂತಿರು, ಒಂದೇ ಸಲ ಕೂಗ್ತೀನಿ. ಬಂದ್ರೆ ಕೆಲಸ, ಬರದಿದ್ರೆ ಊರಿಗೆ ಹೋಗು."

ಮತ್ತೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕೇಳಿಸಿತು, ಒಂದೇ ಸಲ. ಡಾಕ್ಟರ ಕೋಣೆಯಿಂದಲ್ಲ, ಎಡಗಡೆಯ ವಾರ್ಡಿನಿಂದ. ಹಿಂದಿನ ದಿನ ಒಳಕೋಣೆಯಲ್ಲಿ ಕೇಳಿದ ಅದೇ ದನಿ. ಚಿಕ್ಕಮ್ಮನೋ ಎಂದು ತಿರುಗಿದರೆ ಅವಳು ಮರದ ಕೆಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಡಾಕ್ಟರು ಹೇಳಿದ ಆ ಒಂದೇ ಕೂಗು ಇದೇ ಆಗಿದ್ದರೆ? ಓಗೊಟ್ಟರೆ ಸಾವು, ಕೊಡದಿದ್ದರೆ ಸೂಲಿಬೆಲೆ. ಯಾವುದಕ್ಕೆ ಹೆಚ್ಚು ಹೆದರಿದೆನೆಂದು ಇವತ್ತಿಗೂ ಗೊತ್ತಿಲ್ಲ.

"ಬಂದೆ" ಎಂದೆ.

ವಾರ್ಡಿನಲ್ಲಿ ಒಬ್ಬಳೇ ಬಾಣಂತಿ ಮಲಗಿದ್ದಳು. ಹೊದಿಕೆಯ ಅಂಚಿನಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಣ್ಣು ಮೇಲಾಗಿತ್ತು, ತುಟಿ ಬಿಗಿದಿತ್ತು. ನಾನು ಕಿರುಚಿದ್ದಕ್ಕೆ ಡಾಕ್ಟರು ಓಡಿಬಂದರು. ಬಿಸಿನೀರು ಹಿಡಿ, ಬಟ್ಟೆ ತಾ ಎಂದರು, ಹಿಡಿದೆ, ತಂದೆ. ಆಕೆ ಉಳಿದಳು. ಕೈ ತೊಳೆಯುತ್ತಾ ಡಾಕ್ಟರು ಹೇಳಿದರು.

"ನಾಳೆಯಿಂದ ಬಾ. ಆದರೆ ನಾನಿನ್ನೂ ನಿನ್ನ ಕೂಗಿರಲಿಲ್ಲ."

ಆ ಬಾಣಂತಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಆಕೆಗೆ ಅವತ್ತು ಮಾತಾಡಿದ ನೆನಪೂ ಇರಲಿಲ್ಲ.

ಅಲ್ಲಿಂದ ಮುಂದೆ ನಿವೃತ್ತಿಯವರೆಗೂ ಆಸ್ಪತ್ರೆಯಲ್ಲಿ ಮೊದಲ ಕೂಗಿಗೇ ಓಡಿದೆ. ಮನೆಯಲ್ಲಿ ಮಾತ್ರ ಮೂರನೆಯದಕ್ಕೇ ಓಗೊಡುತ್ತಿದ್ದೆ. ಅರ್ಧ ಧೈರ್ಯದ ಹೆಂಗಸು ನಾನು. ಚಿಕ್ಕಮ್ಮ ಹಾಗೆಂದು ಕೊನೆಯವರೆಗೂ ರೇಗಿಸಿದಳು. ಅವಳು ಹೋಗಿ ಈಗ ಬಹಳ ವರ್ಷಗಳಾದವು. ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವವರು ಯಾರೂ ಉಳಿದಿಲ್ಲ.

ಉಕ್ಕಿದ ಹಾಲನ್ನು ಒರೆಸಿ ಇದನ್ನು ಬರೆಯಲು ಕೂತೆ. ಮಧ್ಯಾಹ್ನವಾಗಿದೆ, ಹೊಗೆ ಇನ್ನೂ ತೆಳ್ಳಗೆ ಆಡುತ್ತಿದೆ. ಈಗ ತಾನೇ ಒಳಕೋಣೆಯಿಂದ ನನ್ನ ಹೆಸರು ಕೇಳಿಸಿತು. ದನಿ ಚಿಕ್ಕಮ್ಮನದು. ಒಂದೇ ಸಲ. ಅಲ್ಲಿ ಯಾರಿಗೆ ಏನು ಬೇಕಾಗಿದೆಯೋ, ಎರಡನೆಯ ಸಲ ಕೂಗುವ ಶಕ್ತಿ ಇದೆಯೋ ಇಲ್ಲವೋ. "ಬಂದೆ" ಎಂದಿದ್ದೇನೆ. ಕನ್ನಡಕ ತೆಗೆದಿಟ್ಟು ಏಳುತ್ತಿದ್ದೇನೆ.