ಅತ್ತೆಯ ತಲೆಗೇ ಒಪ್ಪಿದ ಹೆಲ್ಮೆಟ್

ಸ್ನೇಹಿತರೇ, ಇವತ್ತು ಶಿವಾಜಿನಗರದ ಹೆಲ್ಮೆಟ್ ಅಂಗಡಿಯಲ್ಲಿ ನನ್ನ ಅತ್ತೆಯನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಕೆನೆಬಣ್ಣ, ಅಂಚಿಗೆ ಕಂದು ಚರ್ಮ, ಹಳೇ ಕಾಲದ ಬೈಕ್ ಸವಾರರು ಹಾಕುತ್ತಿದ್ದಂಥ ಗುಂಡು ಹೆಲ್ಮೆಟ್. ಐಎಸ್‌ಐ ಗುರುತೂ ಇತ್ತು. ಒಂದು ತಿಂಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದೆ. ಅಂಗಡಿಯಲ್ಲಿ ಉಳಿದಿದ್ದು ಒಂದೇ. ಹಾಕಿಕೊಂಡು, ಪಟ್ಟಿ ಬಿಗಿದು, ಕನ್ನಡಿಯಲ್ಲಿ ನೋಡಿಕೊಂಡೆ.

“ತಲೆ ಅಲ್ಲಾಡ್ಸಿ ಮೇಡಂ,” ಎಂದರು ಅಂಗಡಿಯವರು.

ತಲೆ ಎಡಕ್ಕೆ ತಿರುಗಿತು. ಹೆಲ್ಮೆಟ್ ಮಾತ್ರ ಇದ್ದಲ್ಲೇ ಇತ್ತು.

“ಇದು ನಿಮ್ಗೆ ಬೇಡ. ಲೂಸ್ ಇದ್ರೆ, ಬಿದ್ದಾಗ ಕೆಲ್ಸಕ್ಕೆ ಬರಲ್ಲ,” ಎಂದು ಅವರು ಅದನ್ನು ಅತ್ತೆಯ ಕೈಗೆ ಕೊಟ್ಟರು. ನನ್ನ ಸ್ಕೂಟರಿನ ಹಿಂದೆ ಕೂರುವ ಅತ್ತೆಗೂ ಒಂದು ಬೇಕಿತ್ತು. ಅವರು ತುರುಬು ಬಿಚ್ಚಿ, ಜಡೆ ಹೆಣೆದು, ಹಾಕಿಕೊಂಡು ತಲೆ ಅಲ್ಲಾಡಿಸಿದರು. ಹೆಲ್ಮೆಟ್ ತಲೆಯ ಜೊತೆಗೇ ತಿರುಗಿತು.

“ಈ ವಯಸ್ಸಲ್ಲಿ ನಂಗ್ಯಾಕೆ ಇಷ್ಟು ಸ್ಟೈಲು?” ಎಂದರೇ ಹೊರತು ಕನ್ನಡಿ ಬಿಟ್ಟು ಈಚೆ ಬರಲಿಲ್ಲ.

“ಅತ್ತೆ, ನಿಮ್ಗೆ ಆ ಕಪ್ಪು ಬಣ್ಣದ್ದು ಚೆನ್ನಾಗಿರತ್ತೆ,” ಎಂದೆ, ನಾಚಿಕೆ ಬಿಟ್ಟು.

“ಅದನ್ನ ನೀನೇ ತಗೊ. ನಿನ್ ಸೈಜೇ ಇದೆಯಂತೆ.”

ತೆಗೆದುಕೊಂಡೆ. ಹಲಸೂರಿನ ಸಿಗ್ನಲ್‌ನಲ್ಲಿ ಪಕ್ಕದ ಬೈಕಿನ ಹುಡುಗಿ, “ಆಂಟಿ, ಹೆಲ್ಮೆಟ್ ಸೂಪರ್!” ಎಂದಳು. ಥ್ಯಾಂಕ್ಸ್ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು:

“ಲಾಸ್ಟ್ ಪೀಸು ಕಣಮ್ಮಾ!”

ಇಂದಿರಾನಗರದ ತನಕ ಸ್ಕೂಟರ್ ಓಡಿಸಿದ್ದು ನಾನು. ಸವಾರಿ ಹೊರಟಿದ್ದು ಮಾತ್ರ ಅತ್ತೆಯದು.